ಚದುರಂಗಕ್ಕೂ ಪಗಡೆಗೂ ನಡುವೆ ಒಂದು ಯುದ್ಧ

ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿದ್ದೆವು. ನನ್ನ ಕಡೆ 12 ತುಕಡಿ, ಗೆಳೆಯನ ಕಡೆ 12. ಒಂದೊಂದು ತುಕಡಿ ಅಂದರೆ ನಾಲ್ಕು ಸೆಂಟಿಮೀಟರ್ ಅಗಲದ ರಟ್ಟಿನ ಮೇಲೆ ಅಂಟಿಸಿದ ಮೂರು ನಾಲ್ಕು ಪುಟ್ಟ ಗೊಂಬೆಗಳು. ಕೆಲವು ಈಟಿ ಹಿಡಿದ ಕಾಲಾಳುಗಳು, ಕೆಲವು ರಾವುತರು. ನನ್ನ ಸರದಿ ಬಂತು. ದಾಳ ಎಸೆದೆ. ಒಂದು ಬಿತ್ತು.

ಎಡಗಡೆ ರಾವುತರು ಮುನ್ನುಗ್ಗಬೇಕಿತ್ತು. ಬಲಗಡೆ ಗುಡ್ಡದ ಮೇಲಿದ್ದ ಬಿಲ್ಲುಗಾರರು ಹಿಂದೆ ಸರಿಯಬೇಕಿತ್ತು. ಆದರೆ ದಾಳ ಕೊಟ್ಟದ್ದು ಒಂದೇ ಅಪ್ಪಣೆ. ಯಾರಿಗೆ ಕೊಡಲಿ? ಆ ಹತ್ತು ಸೆಕೆಂಡಿನಲ್ಲಿ ನನಗೆ ಈ ಆಟ ಅರ್ಥವಾಯಿತು.

ಇದು ಐತಿಹಾಸಿಕ ಯುದ್ಧದಾಟ. ಹಿಂದೆ ನಿಜವಾಗಿ ಇದ್ದ ಸೈನ್ಯಗಳನ್ನು ಗೊಂಬೆಗಳಲ್ಲಿ ಮಾಡಿ, ಮೇಜಿನ ಮೇಲೆ ಆಡುವ ಆಟ. ಗೊಂಬೆಗೆ ಬಣ್ಣ ಹಚ್ಚುವ ಖುಷಿಯೇ ಬೇರೆ, ಅದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಆಟದ ಜೀವ ಇರುವುದು ನಿಯಮಗಳಲ್ಲಿ. ಒಂದೇ ಗೊಂಬೆಗಳನ್ನು ಇಟ್ಟುಕೊಂಡು ಹತ್ತಾರು ಬಗೆಯ ನಿಯಮಗಳಲ್ಲಿ ಆಡಬಹುದು. ಪ್ರತಿಯೊಂದೂ ಯುದ್ಧ ಅಂದರೆ ಏನು ಅನ್ನುವುದಕ್ಕೆ ಬೇರೆ ಉತ್ತರ ಕೊಡುತ್ತದೆ.

ಚದುರಂಗವೂ ಯುದ್ಧದಾಟವೇ ಅಲ್ವಾ? ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳಿಂದಲೇ ಆ ಹೆಸರು ಬಂದದ್ದು. ಆದರೆ ಚದುರಂಗದ ಕುದುರೆ ಎಂದೂ ಬೆದರುವುದಿಲ್ಲ. ಹೇಳಿದ ಮನೆಗೆ ಹೋಗಿಯೇ ಹೋಗುತ್ತದೆ. ನಿಜವಾದ ಯುದ್ಧದಲ್ಲಿ ಅಪ್ಪಣೆ ತಡವಾಗುತ್ತದೆ, ಧೂಳಿನಲ್ಲಿ ದಾರಿ ತಪ್ಪುತ್ತದೆ, ಕೇಳಿಸಿಕೊಂಡವನೂ ಹೆದರಿ ನಿಲ್ಲುತ್ತಾನೆ. ಇನ್ನೊಂದು ತುದಿಯಲ್ಲಿ ಪಗಡೆ ಇದೆ. ಅಲ್ಲಿ ದಾಳ ಬೀಳುವವರೆಗೆ ಏನೂ ಮಾಡುವಂತಿಲ್ಲ. ಒಳ್ಳೆಯ ಯುದ್ಧದಾಟ ಇವೆರಡರ ನಡುವೆ ಎಲ್ಲೋ ಕೂತಿರುತ್ತದೆ.

ಆ ಜಾಗವನ್ನು ಗಂಭೀರವಾಗಿ ಹುಡುಕಿದವರು ಹಿಂದಿನ ಜರ್ಮನ್ ರಾಜ್ಯವಾದ ಪ್ರಷ್ಯಾದ ಸೈನಿಕರು. 1824ರಲ್ಲಿ ರೈಸ್‌ವಿಟ್ಜ್ ಎಂಬ ಯುವ ಲೆಫ್ಟಿನೆಂಟ್ ‘ಕ್ರೀಗ್‌ಶ್ಪೀಲ್’ ಎಂಬ ಆಟದ ನಿಯಮ ಪ್ರಕಟಿಸಿದ. ಹೆಸರಿನ ಅರ್ಥವೇ ಯುದ್ಧದಾಟ. ಚೌಕದ ಮನೆಗಳ ಬದಲು 1:8000 ಅಳತೆಯ ನಿಜವಾದ ಭೂಪಟ. ಒಂದು ಸರದಿ ಅಂದರೆ ಯುದ್ಧಭೂಮಿಯ ಎರಡು ನಿಮಿಷ. ನಡುವೆ ಒಬ್ಬ ತೀರ್ಪುಗಾರ. ನಿಮ್ಮ ಸೈನಿಕರ ಕಣ್ಣಿಗೆ ಬಿದ್ದಷ್ಟನ್ನೇ ಅವನು ನಿಮಗೆ ತೋರಿಸುತ್ತಿದ್ದ. ಗುಂಡು ಎಷ್ಟು ಜನಕ್ಕೆ ತಾಗಿತು ಅನ್ನುವುದನ್ನು ದಾಳ ಹೇಳುತ್ತಿತ್ತು. ಒಂದೇ ದೂರದಿಂದ ಒಂದೇ ಫಿರಂಗಿ ಹಾರಿಸಿದರೂ ಪ್ರತಿ ಸಲ ಒಂದೇ ಫಲ ಸಿಗುವುದಿಲ್ಲ. ಆ ಏರುಪೇರನ್ನು ಮೇಜಿಗೆ ತರಲು ದಾಳ ಬೇಕಾಯಿತು.

ಈಗ ನಮ್ಮ ಮೇಜಿಗೆ ಬರೋಣ. ನಾವು ಆಡುತ್ತಿದ್ದದ್ದು ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’, ಚಿಕ್ಕದಾಗಿ ಡಿಬಿಎ. 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ ನಿಯಮ ಇದು. ಇದರ ಒಂದು ಸಣ್ಣ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ನಿಯಮ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ತಿಳಿಯುತ್ತದೆ.

ಎದುರುಬದುರು ನಿಂತ ಎರಡು ತುಕಡಿಗಳ ಬಲ 4 ಮತ್ತು 4 ಎಂದಿಟ್ಟುಕೊಳ್ಳಿ. ಇಬ್ಬರೂ ಒಂದೊಂದು ದಾಳ ಎಸೆದು ಬಲಕ್ಕೆ ಕೂಡಿಸುತ್ತಾರೆ. ಕಡಿಮೆ ಬಂದವನು ಸಾಮಾನ್ಯವಾಗಿ ಹಿಂದೆ ಸರಿಯುತ್ತಾನೆ, ಅಷ್ಟೇ. ಎದುರಾಳಿಯ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ತುಕಡಿ ನಾಶ. ನನಗೆ 1, ಅವನಿಗೆ 6 ಬಿದ್ದರೆ 5ಕ್ಕೆ 10. ಸರಿಯಾಗಿ ಅರ್ಧ, ನನ್ನ ತುಕಡಿ ಹೋಯಿತು. ಎರಡು ದಾಳ 36 ರೀತಿ ಬೀಳಬಹುದು. ಅದರಲ್ಲಿ ಹೀಗಾಗುವುದು 1 ರೀತಿಯಲ್ಲಿ ಮಾತ್ರ.

ಪಕ್ಕದ ನನ್ನದೇ ತುಕಡಿ ಹಿಂದೆ ಸರಿದು, ನನ್ನ ಒಂದು ಮಗ್ಗುಲಿಗೆ ಶತ್ರು ಚಾಚಿಕೊಂಡರೆ ನನ್ನ ಬಲದಲ್ಲಿ 1 ಕಳೆಯಬೇಕು. ಆಗ ಸಾಯುವ ರೀತಿಗಳು 36ರಲ್ಲಿ 4. ಎರಡೂ ಮಗ್ಗುಲಿಗೆ ಬಂದರೆ 2 ಕಳೆಯಬೇಕು. ಆಗ 36ರಲ್ಲಿ 9. ಒಂದು, ನಾಲ್ಕು, ಒಂಬತ್ತು! ಕಾಗದದ ಮೇಲೆ ನಾನೇ ಎಣಿಸಿ ನೋಡಿ ದಂಗಾದೆ. ಕಳೆದದ್ದು ಒಂದೊಂದೇ ಅಂಕ, ಅಪಾಯ ಮಾತ್ರ ನೆಗೆನೆಗೆದು ಏರುತ್ತದೆ. ಹಿಂದಿನ ಕಾಲದ ಸೈನಿಕರು ಹೆಗಲಿಗೆ ಹೆಗಲು ಕೊಟ್ಟು ಸಾಲು ಬಿಡದೆ ಯಾಕೆ ನಿಲ್ಲುತ್ತಿದ್ದರು ಎಂದು ಯಾರೂ ವಿವರಿಸಬೇಕಿಲ್ಲ. ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆಯಲ್ಲಿ ಕಾರ್ಥೇಜಿನ ದಂಡನಾಯಕ ಹ್ಯಾನಿಬಲ್ ರೋಮನ್ನರನ್ನು ಎರಡೂ ಮಗ್ಗುಲಿಂದ ಸುತ್ತಿಕೊಂಡಾಗ ಅವರು ಹೇಗೆ ಕುಸಿದರು ಅನ್ನುವುದೂ ಮೇಜಿನ ಮೇಲೆ ಕಾಣುತ್ತದೆ. ಕ್ಯಾನೆಯ ಹೆಸರನ್ನೇ ಎತ್ತದ ಒಂದು ಸಾಲಿನ ನಿಯಮ ಇಷ್ಟನ್ನು ಹೇಳುತ್ತದೆ. ನನ್ನ ಪ್ರಕಾರ ನಿಯಮದ ಸೊಗಸು ಇದೇ.

ಹಾಗಾದರೆ ನಿಯಮ ಹೆಚ್ಚಿದಷ್ಟೂ, ಪುಸ್ತಕ ದಪ್ಪವಾದಷ್ಟೂ ಒಳ್ಳೆಯದಾ? ನಾವೂ ಮೊದಲು ಹಾಗೇ ಅಂದುಕೊಂಡೆವು. ಬೂಟು, ಗಾಳಿ, ಮದ್ದಿನ ಚೀಲ, ಎಲ್ಲದಕ್ಕೂ ಕೋಷ್ಟಕ ಇದ್ದ ಒಂದು ಪುಸ್ತಕ ಹಿಡಿದು ಕೂತೆವು. ಮೂರು ಗಂಟೆಯಲ್ಲಿ ನಾಲ್ಕೇ ಸರದಿ ಮುಗಿಯಿತು. ಪ್ರಷ್ಯಾದವರಿಗೂ ಇದೇ ಕಷ್ಟ ಬಂದಿತ್ತು. 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಅಧಿಕಾರಿ ಕೋಷ್ಟಕ, ದಾಳಗಳನ್ನೇ ಪಕ್ಕಕ್ಕಿಟ್ಟು, ಅನುಭವಿ ತೀರ್ಪುಗಾರನ ಮಾತೇ ಸಾಕು ಎಂದ. ನುರಿತ ತೀರ್ಪುಗಾರ ಇದ್ದರೆ ಅದು ಸೊಗಸು. ಇಬ್ಬರೇ ಗೆಳೆಯರಿದ್ದರೆ ಜಗಳವಾಗುತ್ತದೆ, ದಾಳ ಇರಲಿ.

ನಿಯಮ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಯುದ್ಧದಲ್ಲಿ ನಾನು ಯಾರು? ಹತ್ತು ಜನರ ನಾಯಕನಾದರೆ ಯಾವ ಗೋಡೆಯ ಹಿಂದೆ ಅಡಗಬೇಕು ಅನ್ನುವುದು ನನ್ನ ಚಿಂತೆ. ದಂಡನಾಯಕನಾದರೆ ಆ ಗೋಡೆ ನನಗೆ ಕಾಣುವುದೇ ಇಲ್ಲ. ದಂಡನಾಯಕನ ಕುರ್ಚಿಯಲ್ಲಿ ಕೂರಿಸಿ ಒಬ್ಬೊಬ್ಬ ಸೈನಿಕನ ಬಂದೂಕು ತುಂಬಿಸುವ ನಿಯಮ ಬೇಗ ಸುಸ್ತು ಮಾಡುತ್ತದೆ. 18, 19ನೇ ಶತಮಾನದ ಯುದ್ಧ ಇಷ್ಟವಾದರೆ 2009ರಲ್ಲಿ ಬಂದ ‘ಬ್ಲ್ಯಾಕ್ ಪೌಡರ್’ ನೋಡಿ. ಅಲ್ಲಿ ಮೊದಲು ಅಪ್ಪಣೆಯನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆ ಎರಡು ದಾಳ. ನಾಯಕನ ಅಂಕ 8 ಇದ್ದರೆ, ಮೊತ್ತ 8 ಅಥವಾ ಕಡಿಮೆ ಬೀಳಬೇಕು. 36ರಲ್ಲಿ 26 ಸಲ ಸೈನ್ಯ ಕದಲುತ್ತದೆ, ಉಳಿದ 10 ಸಲ ನಿಂತಲ್ಲೇ ನಿಲ್ಲುತ್ತದೆ. ಹೇಳಿದ ಮಾತು ಗಾಳಿಯಲ್ಲಿ ತೂಗುತ್ತಿರುವಾಗ ದಾಳ ಉರುಳುವುದನ್ನು ನೋಡುವ ಮಜಾನೇ ಬೇರೆ.

ಅಳತೆಯ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಗೊಂಬೆ 15 ಮಿಲಿಮೀಟರ್ ಎತ್ತರ ಇದ್ದರೆ, ಅದೇ ಲೆಕ್ಕದಲ್ಲಿ 60 ಸೆಂಟಿಮೀಟರ್ ಮೇಜು ಸುಮಾರು 68 ಮೀಟರ್ ಆಗುತ್ತದೆ. ಬಾಣ ಅದಕ್ಕಿಂತ ದೂರ ಹೋಗುತ್ತದೆ! ಹಾಗಾಗಿ ನೆಲದ ಅಳತೆ ಬೇರೆ, ಗೊಂಬೆಯ ಅಳತೆ ಬೇರೆ ಎಂದು ಇಂಥ ನಿಯಮಗಳು ಒಪ್ಪಿಕೊಂಡೇ ಹೊರಡುತ್ತವೆ.

ಗೊಂಬೆ ಕೊಳ್ಳುವ ಮೊದಲು ರಟ್ಟಿನ ತುಂಡುಗಳಲ್ಲಿ ‘ಈಟಿ’, ‘ಕುದುರೆ’ ಎಂದು ಬರೆದು ಎರಡು ಆಟ ಆಡಿ ನೋಡಿ. ಖರ್ಚಿಲ್ಲ. ಬಣ್ಣ ಇಲ್ಲದೆಯೂ ಎದೆ ಡವಗುಟ್ಟಿದರೆ ಆ ನಿಯಮ ನಿಮಗೆ ಒಗ್ಗಿತು.

ನನ್ನ ಆ ಒಂದೇ ಅಪ್ಪಣೆ? ಡಿಬಿಎಯಲ್ಲಿ ಸಾಲು ಮುರಿಯದೆ ಒಟ್ಟಿಗೆ ನೇರ ನಡೆಯುವ ತುಕಡಿಗಳಿಗೆ ಸೇರಿ ಒಂದೇ ಅಪ್ಪಣೆ ಸಾಕು. ಚದುರಿದರೆ ಒಂದೊಂದಕ್ಕೂ ಬೇರೆ ಬೇರೆ. ರಾವುತರನ್ನೂ ಬಿಟ್ಟೆ, ಬಿಲ್ಲುಗಾರರನ್ನೂ ಬಿಟ್ಟೆ. ನಡುವೆ ಇದ್ದ ಐದು ಈಟಿ ತುಕಡಿಗಳ ಸಾಲನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದೆ. ಗೆಳೆಯ ಕುರ್ಚಿಯಿಂದ ಎದ್ದು ನಿಂತು ನೋಡತೊಡಗಿದ.