ಶಕ್ತಿಗೆ ನಿಜಕ್ಕೂ ಎಷ್ಟು ರೂಪ?

ಓದುಗರ ಪ್ರಶ್ನೆ: ಮಗಳ ಶಾಲೆಯ ಪುಸ್ತಕದಲ್ಲಿ ಶಕ್ತಿಯ ರೂಪಗಳು ಆರು ಅಂತ ಇದೆ. ಅಂಗಡಿಯಿಂದ ತಂದ ಗೈಡಿನಲ್ಲಿ ಒಂಬತ್ತು. ಟ್ಯೂಷನ್ ಮೇಷ್ಟ್ರು ‘ಇರೋದೇ ಎರಡು’ ಅಂದರಂತೆ. ಯಾವುದನ್ನು ನಂಬಬೇಕು?

ಮೂರರಲ್ಲಿ ಯಾವುದೂ ತಪ್ಪಲ್ಲ. ಆದರೆ ವಿಷಯದ ಬುಡಕ್ಕೆ ಹತ್ತಿರ ಇರುವುದು ಮೇಷ್ಟ್ರ ಉತ್ತರ.

ನೀರನ್ನೇ ನೋಡಿ. ಬೆಳಿಗ್ಗೆ ಹುಲ್ಲಿನ ಮೇಲೆ ಕಂಡರೆ ಇಬ್ಬನಿ. ಮೆಲ್ಲಗೆ ಹನಿದರೆ ಸೋನೆ. ಗಟ್ಟಿಯಾಗಿ ಹೆಂಚಿನ ಮೇಲೆ ಬಿದ್ದರೆ ಆಲಿಕಲ್ಲು. ನೀರಿಗೆ ಎಷ್ಟು ರೂಪ ಅಂತ ಕೇಳಿದರೆ ಒಬ್ಬರು ಘನ, ದ್ರವ, ಅನಿಲ ಎಂದು ಮೂರು ಹೇಳುತ್ತಾರೆ. ಇನ್ನೊಬ್ಬರು ಇಬ್ಬನಿ, ಮಂಜು, ಹಬೆ ಎಲ್ಲ ಸೇರಿಸಿ ಹತ್ತು ಎಣಿಸುತ್ತಾರೆ. ಯಾರೂ ಸುಳ್ಳು ಹೇಳಿದಂತಾಗಲಿಲ್ಲ, ಅಲ್ವಾ? ಶಕ್ತಿಯ ಪಟ್ಟಿಯೂ ಹೀಗೇ. ಎಲ್ಲಿ ಕಂಡಿತು, ಹೇಗೆ ಕಂಡಿತು ಅನ್ನುವುದರ ಮೇಲೆ ಹೆಸರು.

ಮೇಷ್ಟ್ರು ಹೇಳಿದ ಎರಡು ಯಾವುವು? ಓಡಾಡುವ ವಸ್ತುವಿಗೆ ಇರುವ ಶಕ್ತಿ ಒಂದು. ಅದು ಚಲನ ಶಕ್ತಿ. ವಸ್ತು ಇರುವ ಜಾಗದಿಂದ, ಇಲ್ಲವೇ ಅದರೊಳಗಿನ ಜೋಡಣೆಯಿಂದ ಬರುವ ಶಕ್ತಿ ಇನ್ನೊಂದು. ಇದನ್ನು ಪುಸ್ತಕಗಳು ಪ್ರಚ್ಛನ್ನ ಶಕ್ತಿ ಎನ್ನುತ್ತವೆ. ಆ ಪದ ನೋಡಿಯೇ ಎಷ್ಟೋ ಮಕ್ಕಳು ಹೆದರುತ್ತಾರೆ. ‘ಅಡಗಿರುವ ಶಕ್ತಿ’ ಎಂದು ಹೇಳಿಕೊಡಿ, ಸಾಕು. ಅಟ್ಟದ ಮೇಲೆ ಇಟ್ಟ ಕಲ್ಲಿನಲ್ಲಿ ಅದು ಇದೆ. ಎಳೆದು ಹಿಡಿದ ಬಿಲ್ಲಿನಲ್ಲೂ ಇದೆ.

ಪಟ್ಟಿಯ ಬೇರೆ ಹೆಸರುಗಳು ಹೆಚ್ಚುಕಡಿಮೆ ಈ ಎರಡರಲ್ಲೇ ಸೇರಿಕೊಳ್ಳುತ್ತವೆ. ಶಬ್ದ ಅಂದರೆ ಗಾಳಿಯ ಕಣಗಳು ಹಿಂದೆ ಮುಂದೆ ತೂಗುವುದು, ಒತ್ತಿಕೊಂಡು ಬಿಡುವುದು. ಶಾಖದಲ್ಲಿ ಬಹುಪಾಲು ಕಣಗಳ ದಿಕ್ಕುದೆಸೆಯಿಲ್ಲದ ಕುಣಿತ. ಸೌದೆ, ಸಕ್ಕರೆ, ಪೆಟ್ರೋಲ್‌ಗಳ ರಾಸಾಯನಿಕ ಶಕ್ತಿ ಅಡಗಿರುವ ಬಗೆಯದು. ಅವುಗಳ ಪರಮಾಣುಗಳು ಹಳೆಯ ಜೋಡಣೆ ಬಿಟ್ಟು ಆಮ್ಲಜನಕದ ಜೊತೆ ಹೊಸ ಜೋಡಣೆಗೆ ಬಂದಾಗ ಅದು ಹೊರಬರುತ್ತದೆ. ಪರಮಾಣುವಿನ ಬೀಜದೊಳಗಿನ ಶಕ್ತಿಯೂ ಜೋಡಣೆಯದೇ. ಕಟ್ಟು ಮಾತ್ರ ಬಹಳ ಬಿಗಿ.

ಹೆಸರು ಬೇರೆ ಬೇರೆ ಆದರೂ ಒಳಗಿರುವುದು ಒಂದೇ ಅಂತ ಗೊತ್ತಾಗಿದ್ದು ಹೇಗೆ? ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಹಳ್ಳಿಯ ಮನೆಯಲ್ಲಿ ಮಜ್ಜಿಗೆ ಕಡೆಯುವುದನ್ನು ನೋಡಿದ್ದರೆ ನಿಮಗೆ ಬೇಗ ಅರ್ಥವಾಗುತ್ತದೆ. ಕಡೆಗೋಲಿಗೆ ಹಗ್ಗ ಸುತ್ತಿರುತ್ತಾರೆ. ಬಲಗೈ ಎಳೆದರೆ ಎಡಗೈ ಸಡಿಲ. ಮೊಸರು ಸೊರಸೊರ ಎನ್ನುತ್ತದೆ. ಕೈ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಮೊಸರೂ ಸುಮ್ನೆ ನಿಲ್ಲುತ್ತದೆ. ತೋಳಿನ ಅಷ್ಟು ದುಡಿಮೆ ಎಲ್ಲಿ ಹೋಯಿತು?

ಇಂಗ್ಲೆಂಡಿನ ಸಾಲ್‌ಫರ್ಡ್‌ನಲ್ಲಿ 1818ರಲ್ಲಿ ಹುಟ್ಟಿದ ವಿಜ್ಞಾನಿ ಜೇಮ್ಸ್ ಜೂಲ್ ಕೇಳಿಕೊಂಡಿದ್ದೂ ಇಂಥದ್ದೇ ಪ್ರಶ್ನೆ. ಅವರದು ಬಿಯರ್ ತಯಾರಿಸುವ ಮನೆತನ. ನೀರು ತುಂಬಿದ ಪಾತ್ರೆಯಲ್ಲಿ ರೆಕ್ಕೆಗಳಿರುವ ಒಂದು ಕೋಲು ಇಟ್ಟರು, ನಮ್ಮ ಕಡೆಗೋಲಿನ ಹಾಗೆ. ಅದಕ್ಕೆ ಸುತ್ತಿದ ಹಗ್ಗವನ್ನು ಎಳೆಯಲು ಕೈ ಬಳಸಲಿಲ್ಲ, ತೂಕದ ಗುಂಡುಗಳನ್ನು ಕಟ್ಟಿದರು. ಗುಂಡು ಕೆಳಗಿಳಿದಂತೆ ಕೋಲು ತಿರುಗಿತು, ನೀರು ಕಡೆಯಿತು. ಮತ್ತೆ ಗುಂಡನ್ನು ಮೇಲೆತ್ತಿ ಬಿಟ್ಟರು. ಹೀಗೆ ಎಷ್ಟೋ ಸಲ. ಕೊನೆಗೆ ನೀರಿನ ಬಿಸಿ ಒಂದಿಷ್ಟೇ ಇಷ್ಟು ಏರಿತ್ತು. ಕೈಗೆ ತಿಳಿಯದಷ್ಟು ಸಣ್ಣ ಏರಿಕೆ. ಆದರೆ ಅವರ ಥರ್ಮಾಮೀಟರ್ ಬಹಳ ಸೂಕ್ಷ್ಮವಾಗಿತ್ತು. ಗುಂಡು ಎಷ್ಟು ಇಳಿದರೆ ನೀರು ಎಷ್ಟು ಬಿಸಿಯಾಗುತ್ತದೆ ಅನ್ನುವ ಲೆಕ್ಕ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಬಂತು. ಎತ್ತರದಲ್ಲಿ ಅಡಗಿದ್ದದ್ದು ಓಟವಾಯಿತು, ಓಟ ಶಾಖವಾಯಿತು, ಲೆಕ್ಕ ಮಾತ್ರ ತಪ್ಪಲಿಲ್ಲ. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ, ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಬೇಕು. ಹೌದು, ಅಳತೆಗೆ ಅವರದೇ ಹೆಸರು.

ಒಂದೇ ಅಳತೆ ಸಿಕ್ಕಿದ ಮೇಲೆ ಯಾವುದನ್ನು ಬೇಕಾದರೂ ಯಾವುದರ ಜೊತೆಗಾದರೂ ಹೋಲಿಸಬಹುದು. ಒಂದು ಕೊಡ, ಅಂದರೆ 15 ಲೀಟರ್ ನೀರನ್ನು ಹತ್ತು ಮೀಟರ್ ಆಳದ ಬಾವಿಯಿಂದ ಸೇದಿದರೆ ನೀರಿಗೆ ಸೇರುವ ಶಕ್ತಿ ಸುಮಾರು 1,500 ಜೂಲ್. ಒಂದು ಯೂನಿಟ್ ಕರೆಂಟು ಅಂದರೆ 36 ಲಕ್ಷ ಜೂಲ್. ಅಂದರೆ ಆ ಬಾವಿಯಿಂದ ಸುಮಾರು 2,400 ಕೊಡ! ಕೆಲವೇ ರೂಪಾಯಿಗೆ ಇಷ್ಟು ದುಡಿಮೆ ಸಿಗುತ್ತಿದೆ. ಕೊಡ ಹೊತ್ತವರಿಗೆ ಇದರ ಬೆಲೆ ಜಾಸ್ತಿ ಗೊತ್ತು.

ಜೋಗಕ್ಕೂ ಲೆಕ್ಕ ಹಾಕಿ ನೋಡೋಣ. ಅಲ್ಲಿ ನೀರು ಸುಮಾರು 253 ಮೀಟರ್ ಬೀಳುತ್ತದೆ. ಸಾವಿರ ಲೀಟರ್ ಬಿದ್ದರೆ ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ಅಷ್ಟು ಶಕ್ತಿಯೂ ಅದೇ ನೀರಿನಲ್ಲಿ ಶಾಖವಾಗಿ ಉಳಿದರೆ ನೀರು ಎಷ್ಟು ಬಿಸಿಯಾದೀತು? ಬರೀ 0.6 ಡಿಗ್ರಿ. ನನಗೆ ಇದನ್ನು ಮೊದಲು ಲೆಕ್ಕ ಹಾಕಿದಾಗ ನಂಬಲಾಗದೆ ಮತ್ತೊಮ್ಮೆ ಹಾಕಿದ್ದೆ. ಅಷ್ಟೊಂದು ಆರ್ಭಟ, ಅಷ್ಟೇ ಅಷ್ಟು ಬಿಸಿ. ನೀರು ಬಿಸಿಯಾಗಲು ಬೇಕಾದ ಶಕ್ತಿ ಅಷ್ಟು ದೊಡ್ಡದು. ಸ್ನಾನದ ಒಂದು ಬಕೆಟ್ ನೀರು ಕಾಯಿಸಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕಾಗುವುದೂ ಅದಕ್ಕೇ.

ನಮ್ಮ ರಾಜ್ಯದ ಕರೆಂಟಿನಲ್ಲೂ ಇದೇ ಕಥೆ ಕಾಣುತ್ತದೆ. ಶರಾವತಿಯಲ್ಲಿ ಎತ್ತರದ ನೀರು, ರಾಯಚೂರಿನಲ್ಲಿ ಕಲ್ಲಿದ್ದಲು, ಕೈಗಾದಲ್ಲಿ ಯುರೇನಿಯಂ. ಪುಸ್ತಕದ ಪಟ್ಟಿಯಲ್ಲಿ ಮೂರಕ್ಕೂ ಬೇರೆ ಬೇರೆ ಸಾಲು. ಆದರೆ ಮೂರೂ ಕಡೆ ಕೊನೆಗೆ ಆಗುವುದು ಒಂದೇ ಕೆಲಸ, ಟರ್ಬೈನ್ ಎಂಬ ಚಕ್ರ ತಿರುಗುವುದು. ರಾಯಚೂರು, ಕೈಗಾಗಳಲ್ಲಿ ನೀರು ಕುದಿಸಿ ಹಬೆಯಿಂದ ತಿರುಗಿಸುತ್ತಾರೆ. ಶರಾವತಿಯಲ್ಲಿ ನೀರೇ ಬಂದು ತಳ್ಳುತ್ತದೆ.

ಪಾವಗಡದ ಸೋಲಾರ್ ಹಲಗೆಗಳಲ್ಲಿ ಮಾತ್ರ ಯಾವ ಚಕ್ರವೂ ತಿರುಗುವುದಿಲ್ಲ. ಬೆಳಕು ಬಿದ್ದರೆ ನೇರವಾಗಿ ಕರೆಂಟು. ಬೆಳಕಿನ ವಿಷಯದಲ್ಲಿ ಮೇಷ್ಟ್ರ ‘ಎರಡೇ’ ಕೂಡ ಸ್ವಲ್ಪ ಇಕ್ಕಟ್ಟಿಗೆ ಸಿಗುತ್ತದೆ. ಬೆಳಕು ಸಾಗಲು ಗಾಳಿಯಂಥ ಯಾವ ವಸ್ತುವಿನ ಕಣಗಳೂ ಬೇಕಿಲ್ಲ, ಖಾಲಿ ಜಾಗದಲ್ಲೂ ಅದು ಶಕ್ತಿ ಹೊತ್ತು ಬರುತ್ತದೆ. ಸೂರ್ಯನಿಂದ ಇಲ್ಲಿಗೆ ಎಂಟು ನಿಮಿಷ ಚಿಲ್ಲರೆ. ಕೆಲವು ಪುಸ್ತಕಗಳು ಅದನ್ನು ಚಲನ ಶಕ್ತಿಯ ಜೊತೆ ಇಡುತ್ತವೆ, ಕೆಲವು ಬೇರೆಯೇ ಇಡುತ್ತವೆ. ಬೇರೆ ಇಡುವುದೇ ಸರಿ ಅಂತ ನನ್ನ ಅನಿಸಿಕೆ.

ಪರೀಕ್ಷೆಯಲ್ಲಿ ಮಗಳು ಶಾಲೆಯ ಪುಸ್ತಕದ ಆರನ್ನೇ ಬರೆಯಲಿ, ಅಂಕ ಅದಕ್ಕೇ ಬರುವುದು. ಆದರೆ ಇವತ್ತು ಸಂಜೆ ಅವಳ ಕೈಗೆ ಒಂದು ಗೇಣು ಕಬ್ಬಿಣದ ತಂತಿ ಕೊಡಿ. ಒಂದೇ ಜಾಗದಲ್ಲಿ ಹತ್ತು ಹದಿನೈದು ಸಲ ಬೇಗ ಬೇಗ ಬಗ್ಗಿಸಲಿ. ಆಮೇಲೆ ಬಗ್ಗಿದ ಕಡೆ ಬೆರಳು ತಾಗಿಸಲಿ, ಜೋಪಾನ, ಚುರ್ ಅನ್ನಬಹುದು. ಅವಳ ತೋಳಿನಲ್ಲಿದ್ದದ್ದು ಈಗ ಅಲ್ಲಿದೆ.