ಘಾಟಿಯಲ್ಲಿ ಕಾರು ಬಿಸಿಯಾದರೆ ತಕ್ಷಣ ನೀರು ಹಾಕಬಹುದಾ?

ಪ್ರಶ್ನೆ: ಶಿರಾಡಿ ಘಾಟಿ ಹತ್ತುವಾಗ ನಮ್ಮ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಹೋಯಿತು, ಬಾನೆಟ್ ಸಂದಿಯಿಂದ ಹಬೆ ಬಂತು. ಇಂಥ ಹೊತ್ತಲ್ಲಿ ತಕ್ಷಣ ರೇಡಿಯೇಟರ್‌ಗೆ ನೀರು ಹಾಕಿದರೆ ಸಾಕಾ?

ಉತ್ತರ: ನೀರು ಹಾಕಬೇಕು, ನಿಜ. ಆದರೆ ತಕ್ಷಣ ಬೇಡ. ಮುಕ್ಕಾಲು ಗಂಟೆಯಾದರೂ ಬಿಟ್ಟು ಹಾಕಿ.

ಕುಕ್ಕರ್ ನೆನಪಿಸಿಕೊಳ್ಳಿ. ಶೀಟಿ ಕೂಗಿದ ಕೂಡಲೇ ಯಾರೂ ಮುಚ್ಚಳ ತೆಗೆಯುವುದಿಲ್ಲ, ಅಲ್ವಾ? ರೇಡಿಯೇಟರ್ ಒಳಗೂ ಹೆಚ್ಚುಕಮ್ಮಿ ಅಷ್ಟೇ ಒತ್ತಡ ಇರುತ್ತದೆ, ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 1 ಬಾರ್ ಹೆಚ್ಚು. ಅದರಿಂದಾಗಿ ನೀರು 100 ಡಿಗ್ರಿಗೆ ಕುದಿಯದೆ 120ರ ತನಕ ತಡೆಯುತ್ತದೆ. ಮುಚ್ಚಳ ತಿರುಗಿಸಿದಿರೋ, ಒತ್ತಡ ಒಂದೇ ಏಟಿಗೆ ಇಳಿದು ಒಳಗಿದ್ದದ್ದೆಲ್ಲ ಕುದ್ದು ಮೇಲಕ್ಕೆ ಚಿಮ್ಮುತ್ತದೆ. ಬಗ್ಗಿ ನೋಡುತ್ತಿದ್ದವರ ಮುಖಕ್ಕೇ.

ನಾನೂ ಇದೇ ತಪ್ಪು ಮಾಡಹೊರಟವನು. ಧರ್ಮಸ್ಥಳದಿಂದ ವಾಪಸ್ ಬರುತ್ತಿದ್ದೆವು. ಕಾರಲ್ಲಿ ಐದು ಜನ, ಎಸಿ ಜೋರಾಗಿ ಓಡುತ್ತಿತ್ತು, ಗುಂಡ್ಯ ದಾಟಿದ ಮೇಲೆ ಲಾರಿಗಳ ಹಿಂದೆ ಬರೀ ಒಂದನೇ, ಎರಡನೇ ಗೇರ್. ಮೊದಲು ಬಂದದ್ದು ವಾಸನೆ, ಬೆಲ್ಲದ ಪಾಕ ಸೀದಂಥ ಸಿಹಿ ಘಾಟು. ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ, ಸೋರಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಹಾಗೆ ವಾಸನೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ. ಇಳಿದು, ಟವೆಲ್ ಸುತ್ತಿ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದಿದ್ದ ಲಾರಿ ಡ್ರೈವರ್ ಓಡಿ ಬಂದು ನನ್ನ ಮೊಣಕೈ ಹಿಡಿದೆಳೆದರು. "ಮುಟ್ಬೇಡಿ ಸಾರ್, ಚರ್ಮ ಸುಲಿದು ಹೋಗುತ್ತೆ. ಪೈಪ್ ಒತ್ತಿ ನೋಡಿ ಮೊದ್ಲು."

ಅವರು ತೋರಿಸಿದ್ದು ರೇಡಿಯೇಟರ್ ಮೇಲ್ಗಡೆಯ ರಬ್ಬರ್ ಪೈಪ್. ದಪ್ಪ ಬಟ್ಟೆ ಹಿಡಿದು ಒತ್ತಿದರೆ ಅದು ಕಲ್ಲಿನಂತಿತ್ತು. ಅಂದರೆ ಒಳಗೆ ಒತ್ತಡ ಇನ್ನೂ ಇದೆ. ಪೈಪ್ ಮೆತ್ತಗಾಗಿ, ಎಂಜಿನ್ ತಣ್ಣಗಾಗುವ ತನಕ ಮುಚ್ಚಳದ ತಂಟೆಗೇ ಹೋಗಬೇಡಿ. ಆಮೇಲೂ ಪೂರ್ತಿ ತಿರುಗಿಸದೆ, ಸ್ವಲ್ಪ ಸಡಿಲಿಸಿ 'ಸುಯ್' ಸದ್ದು ನಿಲ್ಲುವ ತನಕ ಕಾಯಿರಿ.

"ರೇಡಿಯೇಟರ್‌ದಲ್ಲ, ಕೂಲೆಂಟ್ ತುಂಬುವ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆಗೆದರೆ ಏನೂ ಆಗಲ್ಲ" ಎನ್ನುವವರಿದ್ದಾರೆ. ಆಲ್ಟೊದಂಥ ಕಾರಿನಲ್ಲಿ ಅದು ನಿಜ, ಅಲ್ಲಿ ಒತ್ತಡ ತಡೆಯುವ ಮುಚ್ಚಳ ರೇಡಿಯೇಟರ್ ಮೇಲಿರುತ್ತದೆ. ಪೋಲೊದಂಥ ಕಾರಿನಲ್ಲಿ ಒತ್ತಡ ಇರುವುದೇ ಆ ಬಾಟಲಿಯಲ್ಲಿ. ನಿಮ್ಮದು ಯಾವ ಥರದ್ದು ಎಂದು ಮನೆ ಮುಂದೆ ನಿಂತಾಗಲೇ ಬಾನೆಟ್ ಎತ್ತಿ ನೋಡಿಡಿ.

ಮುಳ್ಳು ಏರತೊಡಗಿದೆ, ಹಬೆ ಇನ್ನೂ ಬಂದಿಲ್ಲ ಎಂದಾದರೆ ಮೊದಲು ಎಸಿ ಆಫ್ ಮಾಡಿ. ಎಸಿಯ ಕಂಡೆನ್ಸರ್ ರೇಡಿಯೇಟರ್‌ನ ಮುಂದೆಯೇ ಕೂತಿರುತ್ತದೆ, ಅದು ಬಿಟ್ಟ ಬಿಸಿಗಾಳಿಯೇ ರೇಡಿಯೇಟರ್‌ಗೆ ಸಿಗುವುದು. ಕಿಟಕಿ ಇಳಿಸಿ ಹೀಟರ್ ಫುಲ್ ಇಡಿ. ಸೆಕೆಯಲ್ಲಿ ಹೀಟರ್ ಅಂದರೆ ಮನೆಯವರು ಬೈಯುತ್ತಾರೆ, ಬೈಯಲಿ. ಹೀಟರ್ ಒಳಗಿರುವುದು ಒಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನು ಒಂದಿಷ್ಟು ಎಳೆದುಕೊಳ್ಳುತ್ತದೆ. ಆದರೂ ಮುಳ್ಳು ಇಳಿಯದಿದ್ದರೆ, ಅಥವಾ ಹಬೆ ಕಂಡರೆ, "ಇನ್ನೊಂದು ತಿರುವು ಹೋಗಿಬಿಡೋಣ" ಎನ್ನಬೇಡಿ. ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಎಂಜಿನ್ನಿನ ಮೇಲ್ಭಾಗ ಮುಚ್ಚುವ ಅಲ್ಯೂಮಿನಿಯಂ ಹೆಡ್ ಬಿಸಿಗೆ ಬಾಗಿದರೆ ಕೆಲಸ ಹೋಸ್ ಪೈಪಿನಲ್ಲಿ ಮುಗಿಯುವುದಿಲ್ಲ, ಎಂಜಿನ್ ಬಿಚ್ಚಬೇಕಾಗುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಹಳೇ ಕಾಲದ ಎಣ್ಣೆ ದೀಪದಂಥ ಕೆಂಪು ಚಿತ್ರ ಹತ್ತಿದರೆ ಹೀಟರ್ ಗೀಟರ್ ಏನೂ ಇಲ್ಲ. ಅದು ಆಯಿಲ್ ಪ್ರೆಶರ್ ಹೋಗಿದೆ ಎನ್ನುವ ಸೂಚನೆ. ಬದಿಗೆ ತಂದ ಕ್ಷಣವೇ ಎಂಜಿನ್ ಆಫ್.

ಓಡುತ್ತಿರುವಾಗಲೇ ಎಂಜಿನ್ ನಿಂತರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಆದರೆ ತಿರುಗುತ್ತದೆ. ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್‌ನ ಸಹಾಯ ಒಂದೆರಡು ಸಲ ಮಾತ್ರ ಸಿಗುತ್ತದೆ. ಅದಕ್ಕೇ ಪೆಡಲನ್ನು ಮತ್ತೆ ಮತ್ತೆ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಬರಿಯಲ್ಲಿ ಕೀಲಿ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು.

ನಿಲ್ಲಿಸುವಾಗ ತಿರುವು ದಾಟಿ, ಹಿಂದಿನವರಿಗೆ ಕಾಣುವ ಕಡೆ ನಿಲ್ಲಿಸಿ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನದ ಬೋರ್ಡನ್ನು ಕಾರಿನಿಂದ ಚೆನ್ನಾಗಿ ಹಿಂದಕ್ಕಿಡಿ. ಮಕ್ಕಳನ್ನು ಕಾರೊಳಗೆ ಕೂರಿಸಬೇಡಿ, ರಸ್ತೆಯಿಂದಾಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ. ಹಬೆಯ ಬದಲು ಕಪ್ಪು ಹೊಗೆ, ಸುಟ್ಟ ವಾಸನೆ ಬಂದರೆ ಬಾನೆಟ್ ತೆಗೆಯಲೇಬೇಡಿ. ಗಾಳಿ ನುಗ್ಗಿ ಬೆಂಕಿ ಭಗ್ಗೆನ್ನುತ್ತದೆ. ಎಲ್ಲರನ್ನೂ ಇಳಿಸಿ ದೂರ ಹೋಗಿ.

ತಣ್ಣಗಾದ ಮೇಲೆ ಕುಡಿಯುವ ನೀರಿದ್ದರೂ ಆಗುತ್ತದೆ, ನಿಧಾನ ಹಾಕಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳುವ ಭಯ ಇದೆ. ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಕೆಳಗಿನ ಸೀಲ್, ಅಂದರೆ ಗ್ಯಾಸ್ಕೆಟ್, ಹೋಗಿರಬಹುದು, ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ನಮ್ಮ ಪುಣ್ಯಕ್ಕೆ ಹಾಗಾಗಿರಲಿಲ್ಲ. ಪೈಪಿನ ಕ್ಲಿಪ್ ಸಡಿಲವಾಗಿತ್ತು, ಅಷ್ಟೇ. ಅದನ್ನು ಬಿಗಿ ಮಾಡಿಕೊಟ್ಟವರೂ ಆ ಡ್ರೈವರೇ.

ಇನ್ನೊಂದು, ಏರಿನಲ್ಲಿ ಚಕ್ರದ ಹಿಂದೆ ಕಲ್ಲು ಕೊಟ್ಟಿರುತ್ತೀರಲ್ಲ, ಹೊರಡುವಾಗ ಅದನ್ನು ಮರೆಯದೆ ಎತ್ತಿ ಚರಂಡಿ ಆಚೆ ಹಾಕಿ. ರಾತ್ರಿ ಮಂಜಿನಲ್ಲಿ ಬರುವ ಬೈಕಿನವರಿಗೆ ಆ ಕಲ್ಲು ಕಾಣುವುದಿಲ್ಲ.