ಟವರ್ ಸತ್ತರೂ ಜಿಪಿಎಸ್ ಬದುಕಿರುತ್ತದೆ

ಮೇ ತಿಂಗಳು ಬಂತೆಂದರೆ ಮೂಡಿಗೆರೆ, ಸಕಲೇಶಪುರದ ತೋಟದವರು ಕೇಳುವುದು ಒಂದೇ ಪ್ರಶ್ನೆ: "ಮಳೆಗಾಲಕ್ಕೆ ಒಂದು ಸ್ಯಾಟಲೈಟ್ ಫೋನ್ ತಗೊಳ್ಳೋಣ್ವಾ?" ಬೇಡ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಬಳಸುವುದು ನಮ್ಮಲ್ಲಿ ಅಪರಾಧ. ದುಬೈಯಿಂದ ಮಗ ತಂದುಕೊಟ್ಟಿದ್ದು ಅಂದರೂ ಪೊಲೀಸರು ಬಿಡಲ್ಲ. ಅಷ್ಟು ದುಡ್ಡು ಯಾಕೆ? ಜೇಬಲ್ಲಿರುವ ಫೋನನ್ನೇ ನೀವು ಪೂರ್ತಿ ಬಳಸುತ್ತಿಲ್ಲ.

ನಾನು ಟವರ್ ನಿರ್ವಹಣೆಯ ಕೆಲಸದವನು. ಕರೆಂಟ್ ಹೋದರೆ ಟವರ್ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಆಮೇಲೆ ಡೀಸೆಲ್ ಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಆದ ಹಾಗೆ ರಸ್ತೆಯೇ ಕುಸಿದರೆ ಡೀಸೆಲ್ ಎಲ್ಲಿಂದ ಬರಬೇಕು? ಟವರಿಗೆ ನೆಟ್‌ವರ್ಕ್ ತರುವ ಫೈಬರ್ ಕೇಬಲ್ ಕೂಡ ಅದೇ ರಸ್ತೆ ಬದಿಯಲ್ಲಿ ಹೋಗಿರುತ್ತದೆ.

ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಜಿಪಿಎಸ್‌ಗೆ ಟವರ್ ಬೇಡ. ಸಿಮ್ಮೂ ಬೇಡ, ಡೇಟಾನೂ ಬೇಡ. ಉಪಗ್ರಹಗಳು ಸುಮಾರು 20,200 ಕಿ.ಮೀ. ಮೇಲಿಂದ ಸಿಗ್ನಲ್ ಕಳಿಸುತ್ತಲೇ ಇರುತ್ತವೆ. ಫೋನ್ ರೇಡಿಯೋ ಥರ ಸುಮ್ನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ನಾಲ್ಕು ಉಪಗ್ರಹ ಸಿಕ್ಕರೆ ನೀವೆಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತದೆ. ಜಿಪಿಎಸ್ ಥರದ್ದೇ ನಮ್ಮ ದೇಶದ ನಾವಿಕ್ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವುದೇ ಹಾಸನದಲ್ಲಿ. ಅದರ ಮುಂದೆ ದಿನಾ ಓಡಾಡುವವರೂ ಇದನ್ನು ನಂಬದಿದ್ದಾಗ ಸಿಟ್ಟೂ ಬರುತ್ತೆ, ನಗುವೂ ಬರುತ್ತೆ.

ಒಬ್ಬ ಹಿರಿಯ ಪ್ಲಾಂಟರ್ ನಂಬಲೇ ಇಲ್ಲ. "ಸಿಗ್ನಲ್ಲೇ ಇಲ್ಲ, ಮ್ಯಾಪ್ ಎಲ್ಲಿಂದ ಬರುತ್ತೆ ಮಾರಾಯ?" "ಗೌಡ್ರೇ, ಸಿಮ್ ತೆಗೀರಿ" ಅಂದೆ. ಕಾಫಿ ಕಣದ ನಡುವೆ ನಿಂತೆವು. ಎರಡು ಮೂರು ನಿಮಿಷಕ್ಕೆ ನೀಲಿ ಚುಕ್ಕೆ ಬಂದು ಕಣದ ಮೇಲೇ ಕೂತಿತು. ಸುತ್ತ ಮಾತ್ರ ಬರೀ ಬಿಳಿ, ಒಂದು ರಸ್ತೆಯೂ ಇಲ್ಲ. ಅವರು ಮ್ಯಾಪ್ ಇಳಿಸಿಕೊಂಡಿರಲಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಬೇಕಾದ್ದು ಇಂಟರ್ನೆಟ್ ಇದ್ದಾಗಲೇ ಇಳಿಸಿಟ್ಟ ಆಫ್‌ಲೈನ್ ಮ್ಯಾಪ್. ಗೂಗಲ್ ಮ್ಯಾಪ್ಸ್, ಆರ್ಗ್ಯಾನಿಕ್ ಮ್ಯಾಪ್ಸ್ ಯಾವುದಾದರೂ ಸರಿ, ಎರಡೂ ಉಚಿತ. ದಟ್ಟ ಮರದಡಿ, ಕಣಿವೆಯಲ್ಲಿ ಚುಕ್ಕೆ ತಡವಾಗಬಹುದು, ತಪ್ಪಲೂಬಹುದು. ಬಯಲಿಗೆ ಬಂದು ನೋಡಿ.

ಸಹಾಯ ಬೇಕಾಗಿ ಆ ಚುಕ್ಕೆಯ ಅಂಕಿಗಳನ್ನು, ಅಂದರೆ ಅಕ್ಷಾಂಶ ರೇಖಾಂಶವನ್ನು, ಎಸ್‌ಎಂಎಸ್‌ನಲ್ಲಿ ಕಳಿಸುವಾಗ ದಶಾಂಶದ ನಂತರ ನಾಲ್ಕು ಅಂಕಿ ಇರಲಿ. ನಾಲ್ಕಿದ್ದರೆ ಸುಮಾರು 11 ಮೀಟರ್ ಒಳಗೆ ನಿಮ್ಮನ್ನು ಹುಡುಕಬಹುದು. ಎರಡೇ ಇದ್ದರೆ ಒಂದು ಕಿ.ಮೀ. ತನಕ ವ್ಯತ್ಯಾಸ, ತೋಟದೊಳಗೆ ಅದು ಜಾಸ್ತಿಯೇ ಆಯ್ತು. ಎಸ್‌ಎಂಎಸ್‌ಗೆ ಮಾತ್ರ ಟವರ್ ಬೇಕೇ ಬೇಕು. ಆದರೆ ಒಂದೇ ಕಡ್ಡಿ ಇದ್ದರೂ ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗುವುದುಂಟು. ಉಳಿದ ಹೊತ್ತು ಫ್ಲೈಟ್ ಮೋಡ್‌ನಲ್ಲಿಡಿ. ಟವರ್ ಹುಡುಕಿ ಹುಡುಕಿಯೇ ಫೋನಿನ ಚಾರ್ಜ್ ಮುಗಿಯುತ್ತದೆ.

ಆಫ್‌ಲೈನ್ ಮ್ಯಾಪಿಗೆ ಗುಡ್ಡ ಕುಸಿದದ್ದು ಗೊತ್ತಿರಲ್ಲ, ಬಂದ್ ಆದ ಘಾಟಿಗೇ ದಾರಿ ತೋರಿಸುತ್ತದೆ. ಅದಕ್ಕೇ ಸೆಲ್ ಹಾಕುವ ಒಂದು ಹಳೇ ರೇಡಿಯೋ ಮನೆಯಲ್ಲಿರಲಿ. ಶಿರಾಡಿ, ಚಾರ್ಮಾಡಿಯಲ್ಲಿ ಯಾವುದು ತೆರೆದಿದೆ ಅಂತ ಸುದ್ದಿ ಕೇಳಿ, ಫೋನ್ ಸಿಕ್ಕರೆ ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೂ ಕೇಳಿ, ಆಮೇಲೆ ಜೀಪು ತೆಗೀರಿ.